ಬಣ್ಣವೇ ವಸ್ತುವಾದ ಚಿತ್ರ

‘ಇದು ಯಾವುದರ ಚಿತ್ರ?’ ಮರವಾಗಲಿ ಮನುಷ್ಯನಾಗಲಿ ಇಲ್ಲದ, ಕೇವಲ ಬಣ್ಣ ತುಂಬಿದ ಚಿತ್ರಪಟದ ಮುಂದೆ ನಿಂತವರು ಮೊದಲು ಕೇಳುವ ಪ್ರಶ್ನೆ ಇದು. ಉತ್ತರ ದೊರೆಯದಾಗ, ‘ಇದು ನಮಗೆ ತಿಳಿಯುವಂಥದಲ್ಲ’ ಎಂದು ಮುಂದೆ ಸಾಗುತ್ತಾರೆ. ಚನ್ನಪಟ್ಟಣದ ಬುಗುರಿಯನ್ನು ಕೈಗೆತ್ತಿಕೊಂಡ ಮಗುವಾದರೋ ಹೀಗೆ ಕೇಳುವುದಿಲ್ಲ. ತಿರುಗುತ್ತಿರುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿದಾಗ ಘರ್ಷಣೆಯ ಶಾಖಕ್ಕೆ ಅರಗು ಕರಗಿ, ಬುಗುರಿಯ ಮೇಲೆ ಪಟ್ಟೆಗಳು ಮೂಡುತ್ತವೆ. ಆ ಕೆಂಪು, ಹಳದಿ ಪಟ್ಟೆಗಳು ಯಾವುದರ ಚಿತ್ರವೂ ಅಲ್ಲ; ಆದರೂ ಕಣ್ಣಿಗೆ ಹಬ್ಬ.

ಅಮೂರ್ತ ಅಭಿವ್ಯಕ್ತಿವಾದವೆಂಬ ಚಿತ್ರಪಂಥವು 1940ರ ದಶಕದಲ್ಲಿ ನ್ಯೂಯಾರ್ಕ್ ನಗರದಲ್ಲಿ ಬೆಳೆಯಿತು. ಜಾಕ್ಸನ್ ಪೊಲಾಕ್ (1912–1956) ಬಟ್ಟೆಯನ್ನು ನೆಲದ ಮೇಲೆ ಹಾಸಿ, ಸುತ್ತಲೂ ನಡೆದಾಡುತ್ತ ಬಣ್ಣವನ್ನು ಮೇಲಿನಿಂದ ಸುರಿದನು. ಬೆರಳ ಸಂದಿಯಿಂದ ಪುಡಿ ಉದುರಿಸಿ ರಂಗೋಲಿ ಇಡುವವರಿಗೆ ಈ ಕ್ರಮ ತೀರ ಅಪರಿಚಿತವಲ್ಲ. ಆದರೆ ರಂಗೋಲಿಗೆ ಚುಕ್ಕಿಗಳ ಲೆಕ್ಕವೇ ದಾರಿ. ಇಲ್ಲಿ ತೋಳಿನ ಚಲನೆಯೇ ಗೆರೆಯಾಗುತ್ತದೆ. ಮಾರ್ಕ್ ರಾತ್ಕೊ (1903–1970) ಅಂಚು ಮಸುಕಾದ ದೊಡ್ಡ ಆಯತಗಳಲ್ಲಿ ಬಣ್ಣವನ್ನು ತೆಳುಪದರಗಳಾಗಿ ಹರಡಿದನು. ನೋಡುವವರು ಚಿತ್ರಕ್ಕೆ ಹತ್ತಿರವಾಗಿ ನಿಲ್ಲಬೇಕೆಂಬುದು ಅವನ ಇಚ್ಛೆಯಾಗಿತ್ತು.

ಹತ್ತಿರ ನಿಂತರೆ ಆಗುವುದೇನು? ಬಣ್ಣವು ದೃಷ್ಟಿಯನ್ನೆಲ್ಲ ವ್ಯಾಪಿಸುತ್ತದೆ. ನಮ್ಮ ಅಕ್ಷಿಪಟದಲ್ಲಿ ಬಣ್ಣವನ್ನು ಗ್ರಹಿಸುವ ಮೂರು ಬಗೆಯ ಶಂಕುಕೋಶಗಳಿವೆ. ಒಂದೇ ಬಣ್ಣವನ್ನು ದಿಟ್ಟಿಸುತ್ತಿದ್ದರೆ ಅದಕ್ಕೆ ಹೆಚ್ಚು ಸ್ಪಂದಿಸುವ ಕೋಶಗಳ ಚುರುಕು ಕುಗ್ಗುತ್ತದೆ. ಇದನ್ನು ನೀವೇ ಪರೀಕ್ಷಿಸಬಹುದು. ಕೆಂಪು ಕಾಗದವನ್ನು ಅರ್ಧ ನಿಮಿಷ ದಿಟ್ಟಿಸಿ, ಅನಂತರ ಬಿಳಿಯ ಗೋಡೆಯತ್ತ ನೋಡಿ: ಹಸಿರು ಬೆರೆತ ನೀಲಿಯ ಛಾಯೆಯೊಂದು ತೇಲುವುದು. ಒಂದು ಬಣ್ಣ ತನ್ನ ನೆರೆಯ ಬಣ್ಣದಿಂದಲೂ ಬೇರೆಯಾಗಿ ಕಾಣುತ್ತದೆಂಬುದನ್ನು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಷೆವ್ರಲ್ 1839ರ ತನ್ನ ಗ್ರಂಥದಲ್ಲಿ ವಿವರಿಸಿದನು. ಹೀಗೆ, ಚಿತ್ರದ ಒಂದು ಪಾಲು ಪಟದ ಮೇಲಿದ್ದರೆ ಇನ್ನೊಂದು ಪಾಲು ನೋಡುವವನಲ್ಲಿಯೇ ನಡೆಯುತ್ತದೆ. ಅದಕ್ಕೆ ಪಾಂಡಿತ್ಯ ಬೇಡ, ತಾಳ್ಮೆ ಬೇಕು.

ಆದರೆ ಬಣ್ಣ ಮತ್ತು ಆಕಾರಗಳನ್ನು ಅನುಭವಿಸಿ ಸುಮ್ಮನಾಗುವುದು ಎಲ್ಲೆಡೆಯೂ ಸಲ್ಲದು. ಬಿಡದಿಯ ಬಳಿಯ ಬೈರಮಂಗಲದ ಕೆರೆಗೆ ವೃಷಭಾವತಿ ನದಿಯು ದಶಕಗಳ ಕಾಲ ಬೆಂಗಳೂರಿನ ಕೊಳಚೆಯನ್ನು ಹೊತ್ತು ತಂದಿದೆ. ಕಪ್ಪು ನೀರಿನ ಮೇಲೆ ಸುಳಿಸುಳಿಯಾಗಿ ಹರಡುವ ಬಿಳಿಯ ನೊರೆಯು ದೂರದಿಂದ ಅಮೂರ್ತ ಚಿತ್ರದಂತೆಯೇ ತೋರಬಹುದು. ಅದು ಮಾರ್ಜಕಗಳೇ ಮೊದಲಾದ ರಾಸಾಯನಿಕಗಳಿಂದ ಏಳುವ ನೊರೆ. ಆ ನೀರನ್ನು ನಂಬಿದ ಹೊಲಗಳೂ ದನಕರುಗಳೂ ಅಲ್ಲಿವೆ. ಚಿತ್ರಶಾಲೆಯಲ್ಲಿ ಕೊಂಚ ತಡೆದಿಟ್ಟ ‘ಇದು ಏನು?’ ಎಂಬ ಪ್ರಶ್ನೆಯನ್ನು ಕೆರೆಯ ಏರಿಯ ಮೇಲೆ ಕೇಳಲೇಬೇಕು.