ಐದನೆಯ ತಂತಿಯ ತೊಡಕು

ಅಮೆರಿಕದ ಲಿಯೋ ಫೆಂಡರ್ 1951ರಲ್ಲಿ ಮಾರುಕಟ್ಟೆಗೆ ತಂದ ಪ್ರಿಸಿಷನ್ ಬಾಸ್ ಗಿಟಾರಿಗೆ ನಾಲ್ಕೇ ತಂತಿ: ಇ, ಎ, ಡಿ, ಜಿ. ಎಲ್ಲಕ್ಕಿಂತ ಮಂದ್ರದ ‘ಇ’ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. 1980ರ ದಶಕದ ಪಾಪ್ ಸಂಗೀತದಲ್ಲಿ ಸಿಂಥಸೈಜರ್ ಅದಕ್ಕೂ ಕೆಳಗಿಳಿದು ಗುಡುಗತೊಡಗಿತು. ಬಾಸ್ ವಾದಕರು ಸುಮ್ಮನಿರುವಂತಿರಲಿಲ್ಲ. ಸುಮಾರು 31 ಕಂಪನಗಳ ‘ಬಿ’ ಎಂಬ ಐದನೆಯ ತಂತಿ ಬಳಕೆಗೆ ಬಂತು.

ಹೆಚ್ಚಿದ್ದು ಒಂದೇ ತಂತಿಯಾದರೂ ಕೈಗೆ ಅದು ಸಣ್ಣ ಮಾತಲ್ಲ. ನಾಲ್ಕು ತಂತಿಗೆ ಪಳಗಿದ ಬೆರಳು ಮೇಲಂಚಿನ ತಂತಿಯನ್ನು ‘ಇ’ ಎಂದೇ ನಂಬಿರುತ್ತದೆ. ಐದು ತಂತಿಯ ವಾದ್ಯದಲ್ಲಿ ಅಲ್ಲಿರುವುದು ‘ಬಿ’. ಬೆರಳು ತಪ್ಪಿದರೆ ಹಾಡಿನ ಬುನಾದಿಯೇ ಜರುಗುತ್ತದೆ. ಗಾಯಕರು ಎಷ್ಟು ಶುದ್ಧವಾಗಿ ಹಾಡಿದರೂ ಕೇಳುವವರಿಗೆ ಅಪಸ್ವರ. ಇನ್ನೊಂದು ಪೀಡೆಯೂ ಉಂಟು. ನುಡಿಸದೆ ಬಿಟ್ಟ ಆ ದಪ್ಪ ತಂತಿ ಪಕ್ಕದ ತಂತಿಯ ನಾದಕ್ಕೆ ತಾನೂ ಗುಂಯ್‌ಗುಡುತ್ತದೆ. ಹೆಬ್ಬೆರಳನ್ನು ಅದರ ಮೇಲೊರಗಿಸಿ ಬಾಯಿ ಮುಚ್ಚಿಸಬೇಕು.

ಸಮಾಧಾನವೆಂದರೆ, ತಂತಿಯಿಂದ ತಂತಿಗೆ ಇರುವ ಸ್ವರಾಂತರ ಬದಲಾಗುವುದಿಲ್ಲ. ಅದು ನಮ್ಮ ಷಡ್ಜದಿಂದ ಶುದ್ಧ ಮಧ್ಯಮದಷ್ಟು. ಹಾಗಾಗಿ ಎಡಗೈ ಕಲಿತ ವಿನ್ಯಾಸಗಳು ವ್ಯರ್ಥವಾಗವು.

1975ರ ಹೊತ್ತಿಗೆ ಕಾರ್ಲ್ ಥಾಂಪ್ಸನ್ ಅವರಿಂದ ಆರು ತಂತಿಯ ಬಾಸ್ ಮಾಡಿಸಿಕೊಂಡ ಆಂಟನಿ ಜಾಕ್ಸನ್, ಕ್ರಮೇಣ ನಾಲ್ಕು ತಂತಿಯದನ್ನು ಬಿಟ್ಟೇಬಿಟ್ಟರು. ಕರೆದಲ್ಲಿಗೆ ಹೋಗಿ ನುಡಿಸುವ ವಾದಕರಿಗೆ ಆ ಅನುಕೂಲವಿಲ್ಲ. ಎರಡನ್ನೂ ದಿನವೂ ಕೈಗೆತ್ತಿಕೊಳ್ಳಬೇಕು.