ಮೊದಲ ವಾರವೇ ಶಿಸ್ತಿನ ಪಾಠ, ಬೆತ್ತವಿಲ್ಲದೆ

ಹೊಸೂರು: ಬೇಸಿಗೆ ರಜೆ ಮುಗಿದು ಶಾಲೆ ಬಾಗಿಲು ತೆರೆದಾಗ ಗಡಿಭಾಗದ ಶಿಕ್ಷಕರಿಗೆ ಪಾಠಕ್ಕಿಂತ ಮೊದಲೇ ಒಂದು ಸವಾಲು ಎದುರಾಗುತ್ತದೆ. ಇಲ್ಲಿ ಕನ್ನಡ, ತೆಲುಗು, ತಮಿಳು ಮನೆಮಾತಿನ ಮಕ್ಕಳು ಒಟ್ಟಿಗೆ ಬೆಳೆಯುತ್ತಾರೆ. ಹೇಳಿದ್ದು ಅರ್ಥವಾಗದೆ ಸುಮ್ಮನೆ ಕುಳಿತ ಮಗುವಿಗೆ ‘ಮಾತು ಕೇಳುವುದಿಲ್ಲ’ ಎಂಬ ಹಣೆಪಟ್ಟಿ ಬಲು ಬೇಗ ಬೀಳುತ್ತದೆ.

2006ರ ತಮಿಳು ಕಲಿಕೆ ಕಾಯ್ದೆಯ ನಂತರ ಕನ್ನಡ ಮಾಧ್ಯಮದ ಮಕ್ಕಳೂ ಕನ್ನಡ, ತಮಿಳು, ಇಂಗ್ಲಿಷ್ ಎಂದು ಮೂರು ಲಿಪಿ ಕಲಿಯಬೇಕು. ಅದರ ಮೇಲೆ ನಿಯಮಗಳ ಉದ್ದ ಪಟ್ಟಿ ಹೊರಿಸಿದರೆ ಒಂದೂ ನೆನಪಿರುವುದಿಲ್ಲ. ನಾಲ್ಕೈದು ನಿಯಮ ಸಾಕು. ‘ಗಲಾಟೆ ಮಾಡಬೇಡಿ’ ಎನ್ನುವುದಕ್ಕಿಂತ ‘ಒಬ್ಬರು ಮಾತಾಡುವಾಗ ಉಳಿದವರು ಕೇಳೋಣ’ ಎಂದರೆ ಏನು ಮಾಡಬೇಕೆಂದು ಮಗುವಿಗೆ ತಿಳಿಯುತ್ತದೆ.

ಹೇಳುವುದಕ್ಕಿಂತ ಮಾಡಿ ತೋರಿಸುವುದು ಮೇಲು. ಚೀಲ ಎಲ್ಲಿಡಬೇಕು, ನೀರಿಗೆ ಹೇಗೆ ಸಾಲು ನಿಲ್ಲಬೇಕು, ಊಟದ ತಟ್ಟೆ ಎಲ್ಲಿ ತೊಳೆಯಬೇಕು ಎಂಬುದನ್ನು ಮೊದಲ ವಾರ ದಿನವೂ ಅಭ್ಯಾಸ ಮಾಡಿಸಬೇಕು. ಮುಂದೇನು ಎಂದು ಗೊತ್ತಿರುವ ಮಗುವಿಗೆ ಭಯ ಕಡಿಮೆ. ಭಾಷೆ ಬಾರದಿದ್ದರೂ ಪಕ್ಕದವರನ್ನು ನೋಡಿ ಕಲಿಯುತ್ತದೆ.

ಕರ್ನಾಟಕದ ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಶುರುವಾದ ‘ನಲಿ-ಕಲಿ’ಯೂ, ಚೆನ್ನೈ ಪಾಲಿಕೆ ಶಾಲೆಗಳಲ್ಲಿ 2003ರಲ್ಲಿ ಆರಂಭವಾದ ಚಟುವಟಿಕೆ ಆಧಾರಿತ ಕಲಿಕೆಯೂ ಮಕ್ಕಳು ತಮ್ಮ ವೇಗದಲ್ಲಿ, ಗುಂಪಿನಲ್ಲಿ ಕಲಿಯಲು ಅವಕಾಶ ಕೊಟ್ಟವು.

ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಹೊಡೆಯುವುದನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ತಪ್ಪಿದ ಮಗುವನ್ನು ಪಕ್ಕಕ್ಕೆ ಕರೆದು, ಅದರ ಮನೆಮಾತಿನಲ್ಲೇ ಎರಡು ಮಾತು ಆಡಿದರೆ ಮರುದಿನವೂ ಅದು ಶಾಲೆಗೆ ನಗುತ್ತಾ ಬಂದೀತು.