ಎರಡನೇ ಡಿಕಾಕ್ಷನ್ ಯಾಕೆ ಒಗರು? ಬಿಯರ್‌ನ ಸ್ಪಾರ್ಜ್ ನೀರಿನ ಲೆಕ್ಕ

ವಿಲೆ ಪಾರ್ಲೆಯಿಂದ ಈ ವಾರದ ಮಾತಿನ ಬರಹ ರೂಪ ಇಲ್ಲಿದೆ. ವಿಷಯ ಬಿಯರ್‌ನದು, ಆದರೆ ಮೊದಲು ಕಾಫಿ ಫಿಲ್ಟರ್ ನೆನಪು ಮಾಡ್ಕೊಳ್ಳಿ. ಮೊದಲ ಡಿಕಾಕ್ಷನ್ ಇಳಿದ ಮೇಲೆ ಅದೇ ಪುಡಿಗೆ ಇನ್ನೊಂದು ಸಲ ಬಿಸಿನೀರು ಹಾಕ್ತೀವಲ್ಲ? ಬಣ್ಣ ಬರುತ್ತೆ, ಆದರೆ ರುಚಿ ತೆಳು, ನಾಲಿಗೆಗೆ ಒಗರು. ಬಿಯರ್ ಮಾಡುವವರು ಮಾಲ್ಟ್ ಮೇಲೆ ಎರಡನೇ ನೀರು ಹಾಯಿಸುವುದಕ್ಕೆ ಸ್ಪಾರ್ಜ್ ಅಂತಾರೆ. ಸಮಸ್ಯೆಯೂ ಹೆಚ್ಚುಕಡಿಮೆ ಅದೇ.

ಒಂದು ಮಾತು ಮೊದಲೇ ಹೇಳಿಬಿಡ್ತೀವಿ. ಮಹಾರಾಷ್ಟ್ರದಲ್ಲಿ 1949ರ ಮದ್ಯನಿಷೇಧ ಕಾಯ್ದೆಯಡಿ ಪರವಾನಗಿ ಇಲ್ಲದೆ ಮನೆಯಲ್ಲಿ ಬಿಯರ್ ಮಾಡುವುದು ಅಪರಾಧ. ಕರ್ನಾಟಕದಲ್ಲೂ 1965ರ ಅಬಕಾರಿ ಕಾಯ್ದೆ ಇದೆ, ಅಲ್ಲೂ ಪರವಾನಗಿ ಬೇಕು. ಬ್ರಿಟನ್ 1963ರಲ್ಲೇ ಮನೆ ಬಿಯರ್‌ಗೆ ಲೈಸೆನ್ಸ್ ತೆಗೆದುಹಾಕಿತು. ಅಮೆರಿಕದಲ್ಲಿ 1978ರಲ್ಲಿ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಮೇಲೆ ದಾರಿ ತೆರೆಯಿತು. ಹಾಗಾಗಿ ಕೈಯಾರೆ ಮಾಡುವ ಮಾತು ಅಂಥ ಕಡೆ ಇರುವ ನಮ್ಮ ಕನ್ನಡಿಗರಿಗೆ. ಇಲ್ಲಿರುವವರು ಬ್ರೂಪಬ್‌ನ ಲೋಟದಲ್ಲಿ ಏನಿದೆ ಅಂತ ತಿಳ್ಕೊಳ್ಳೋಕೆ ಓದಿ.

ಮಾಲ್ಟ್ ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ. ಅದನ್ನು ಒಡೆದು ಸುಮಾರು 65ರಿಂದ 68 ಡಿಗ್ರಿ ಸೆಲ್ಸಿಯಸ್ ನೀರಲ್ಲಿ ಒಂದು ಗಂಟೆ ಇಟ್ಟರೆ ಪಿಷ್ಟ ಸಕ್ಕರೆ ಆಗುತ್ತೆ. ಇದು ಮ್ಯಾಶ್. ಸಿಹಿ ರಸ ಬಸಿದ ಮೇಲೂ ಕಾಳಿನಲ್ಲಿ ಸಕ್ಕರೆ ಉಳಿದಿರುತ್ತೆ. ಅದನ್ನು ತೊಳೆದು ತೆಗೆಯುವ ನೀರೇ ಸ್ಪಾರ್ಜ್ ನೀರು.

ಲೆಕ್ಕ ನೋಡಿ. 5 ಕಿಲೋ ಮಾಲ್ಟ್, 15 ಲೀಟರ್ ಮ್ಯಾಶ್ ನೀರು. ಕಾಳು ಕಿಲೋಗೆ ಸುಮಾರು 1 ಲೀಟರ್ ಹೀರಿಕೊಳ್ಳುತ್ತೆ, ಹಾಗಾಗಿ ಕೈಗೆ ಸಿಗೋದು 10 ಲೀಟರ್. ಕುದಿಸೋಕೆ 24 ಲೀಟರ್ ಬೇಕಿದ್ದರೆ ಸ್ಪಾರ್ಜ್‌ಗೆ 14 ಲೀಟರ್.

ಎಷ್ಟು ಬಿಸಿ ಇರಬೇಕು? ರೂಢಿಯಲ್ಲಿ 75ರಿಂದ 77 ಡಿಗ್ರಿ. ಬಿಸಿಗೆ ರಸ ತೆಳುವಾಗಿ ಬೇಗ ಇಳಿಯುತ್ತೆ. ತುಂಬಾ ಬಿಸಿ ಆದರೆ ಸಕ್ಕರೆಯಾಗದೆ ಉಳಿದ ಪಿಷ್ಟ ಕರಗಿ ಬರುತ್ತೆ. ಅದನ್ನು ಒಡೆಯುವ ಕಿಣ್ವ ಅಷ್ಟರಲ್ಲಿ ಬಿಸಿಗೆ ಸತ್ತಿರುತ್ತೆ, ಬಿಯರ್ ಮಬ್ಬಾಗುತ್ತೆ. ನೀರು ತಣ್ಣಗಿದ್ದರೆ ಬಿಯರ್ ಕೆಡಲ್ಲ, ಸಕ್ಕರೆ ಸ್ವಲ್ಪ ಕಮ್ಮಿ ಸಿಗಬಹುದು ಅಷ್ಟೇ. ಹದ ಮಾಡೋದು ಸುಲಭ: ಸುಮಾರು ಒಂಬತ್ತೂವರೆ ಲೀಟರ್ ಕುದಿನೀರಿಗೆ 27 ಡಿಗ್ರಿಯ ನಾಲ್ಕೂವರೆ ಲೀಟರ್ ನೀರು ಬೆರೆಸಿದರೆ 76ರ ಹತ್ತಿರ ಬರುತ್ತೆ. ಪಾತ್ರೆಯೂ ಸ್ವಲ್ಪ ಬಿಸಿ ಕುಡಿಯುತ್ತೆ, ಥರ್ಮಾಮೀಟರ್ ಹಾಕಿ ನೋಡಿ.

ಹಾಗಾದ್ರೆ ಒಗರಿಗೆ ಬರೀ ಬಿಸಿಯೇ ಕಾರಣವಾ? ಅಲ್ಲ. ಜರ್ಮನಿಯ ಹಳೇ ಪದ್ಧತಿಯಲ್ಲಿ ಮ್ಯಾಶ್‌ನ ಒಂದು ಭಾಗವನ್ನು ಹೊಟ್ಟು ಸಮೇತ ಕುದಿಸ್ತಾರೆ. ಆದರೂ ಆ ಬಿಯರ್ ಒಗರಲ್ಲ, ಯಾಕಂದ್ರೆ ಅಲ್ಲಿ ಪಿಎಚ್ ಕಮ್ಮಿ, 5.5ರ ಆಸುಪಾಸು. ಹೊಟ್ಟಿನ ಟ್ಯಾನಿನ್ ಜೋರಾಗಿ ಬಿಡೋದು ಬಿಸಿಯ ಜೊತೆ ಪಿಎಚ್ ಕೂಡ 6ರ ಕಡೆ ಏರಿದಾಗ. ತೊಳೀತಾ ಹೋದಂತೆ ಪಿಎಚ್ ಹಿಡಿದಿಡುವ ಮಾಲ್ಟ್‌ನ ಅಂಶಗಳೂ ತೊಳೆದುಹೋಗ್ತವೆ. ಕೊನೆಗೆ ಉಳಿಯೋದು ಹೊಟ್ಟು ಮತ್ತು ನಿಮ್ಮ ನೀರು. ಆ ನೀರಿನ ಕ್ಷಾರೀಯತೆ ಹೆಚ್ಚಿದ್ದರೆ ಪಿಎಚ್ ಏರೇ ಏರುತ್ತೆ.

ಇಲ್ಲಿ ಒಂದು ತಪ್ಪು ತಿಳುವಳಿಕೆ ಇದೆ: ಕುಡಿಯೋಕೆ ಚೆನ್ನಾಗಿದ್ದ ನೀರು ಬಿಯರ್‌ಗೂ ಚೆನ್ನ ಅಂತ. ಭಾರತದ ಕುಡಿಯುವ ನೀರಿನ ಮಾನದಂಡ ಐಎಸ್ 10500 ಪ್ರಕಾರ ಕ್ಷಾರೀಯತೆ ಲೀಟರಿಗೆ 200 ಮಿಲಿಗ್ರಾಂವರೆಗೆ ಒಪ್ಪಿತ, ಬೇರೆ ನೀರಿಲ್ಲದಿದ್ದರೆ 600ರವರೆಗೂ ಬಿಡ್ತಾರೆ. ಹೊಟ್ಟೆಗೆ ಅದರಿಂದ ತೊಂದರೆ ಇಲ್ಲ, ಆದರೆ ಸ್ಪಾರ್ಜ್‌ಗೆ 200 ಕೂಡ ಜಾಸ್ತಿ. ಮುಂಬೈಗೆ ಬರೋದು ಭಾತ್ಸಾ, ತಾನ್ಸಾ, ವೈತರಣಾ ಕಡೆಯ ಮಳೆನೀರು, ಮೆದು. ಸೊಸೈಟಿಗೆ ಟ್ಯಾಂಕರ್ ಅಥವಾ ಬೋರ್‌ವೆಲ್ ನೀರು ಬಂದ ದಿನ ಆ ಲೆಕ್ಕ ನಡೆಯಲ್ಲ. ಬೆಂಗಳೂರಿನಲ್ಲೂ ಕಾವೇರಿ ನೀರು ಬೇರೆ, ಪಾತ್ರೆಯ ತಳಕ್ಕೆ ಬಿಳಿ ಪದರ ಕೂರಿಸುವ ಬೋರ್‌ವೆಲ್ ನೀರು ಬೇರೆ.

ಪರಿಹಾರ ಮೂರು. ಒಂದು, ನೀರು ಕುದಿಸಿ ತಣಿಸಿ ಮೇಲಿನ ತಿಳಿ ಮಾತ್ರ ಬಳಸಿ. ಬೈಕಾರ್ಬನೇಟ್‌ನ ಒಂದು ಪಾಲು ಸುಣ್ಣದ ಹಾಗೆ ತಳಕ್ಕಿಳಿಯುತ್ತೆ. ಎರಡು, ಆರ್‌ಒ ನೀರು ಬೆರೆಸಿ. ಅದರಲ್ಲಿ ಕ್ಷಾರೀಯತೆ ಬಹಳ ಕಮ್ಮಿ, ಹಾಗಾಗಿ ಸ್ಪಾರ್ಜ್‌ಗೆ ಒಳ್ಳೇದು. ಮೂರು, ಆಹಾರ ದರ್ಜೆಯ ಲ್ಯಾಕ್ಟಿಕ್ ಆಮ್ಲವನ್ನು ಹನಿಹನಿಯಾಗಿ ಹಾಕಿ, ಪಿಎಚ್ 5.5ರಿಂದ 5.8ಕ್ಕೆ ಬಂದಾಗ ನಿಲ್ಲಿಸಿ.

ಇನ್ನು ಕ್ಲೋರಿನ್. ಅದು ಮಾಲ್ಟ್‌ನ ಫೀನಾಲ್ ಜೊತೆ ಸೇರಿದರೆ ಬಿಯರ್‌ಗೆ ಆಸ್ಪತ್ರೆ ಬ್ಯಾಂಡೇಜಿನ ವಾಸನೆ. ಅತಿ ಸಣ್ಣ ಪ್ರಮಾಣವೂ ಮೂಗಿಗೆ ಸಿಗುತ್ತೆ, ಆಮೇಲೆ ತೆಗೆಯೋಕೆ ಆಗಲ್ಲ. ಬರೀ ಕ್ಲೋರಿನ್ ಆದ್ರೆ ಕುದಿಸಿದರೆ ಹೋಗುತ್ತೆ. ಅಮೆರಿಕದ ಹಲವು ಊರುಗಳ ನಲ್ಲಿಯಲ್ಲಿ ಬರುವ ಕ್ಲೋರಮಿನ್ ಅಷ್ಟು ಸುಲಭಕ್ಕೆ ಹೋಗಲ್ಲ. ಅದಕ್ಕೆ ಕ್ಯಾಂಪ್ಡೆನ್ ಮಾತ್ರೆ: ಸುಮಾರು 75 ಲೀಟರಿಗೆ ಒಂದು. ತಣ್ಣೀರು ಬೆರೆಸುವಾಗ ಇದನ್ನು ಮರೀಬೇಡಿ. 14 ಲೀಟರಿನಲ್ಲಿ ಒಂಬತ್ತೂವರೆ ಕುದಿಸಿ, ಉಳಿದದ್ದನ್ನು ನಲ್ಲಿಯಿಂದ ಹಿಡಿದರೆ ಕ್ಲೋರಿನ್ ವಾಪಸ್ ಬಂದ ಹಾಗೇ.

ಕಡೆಯದು, ಎಲ್ಲಿ ನಿಲ್ಲಿಸಬೇಕು ಅನ್ನೋದು. ಇಳಿಯುವ ರಸವನ್ನು ಸ್ವಲ್ಪ ತಣಿಸಿ ಹೈಡ್ರೋಮೀಟರ್‌ನಲ್ಲಿ ನೋಡಿ. 1.010ಕ್ಕೆ ಇಳಿದರೆ ಸಾಕು. ಪಾತ್ರೆ ತುಂಬಿಲ್ಲ ಅಂದ್ರೆ ಶುದ್ಧ ನೀರನ್ನೇ ನೇರವಾಗಿ ಸೇರಿಸಿ, ಕಾಳನ್ನು ಇನ್ನೂ ಹಿಂಡಬೇಡಿ. ಆಮೇಲೆ ಬರುವ ಚಿಟಿಕೆ ಸಕ್ಕರೆಯ ಆಸೆಗೆ ಇಡೀ 20 ಲೀಟರ್ ಒಗರಾದರೆ ನಷ್ಟ ಯಾರಿಗೆ ಹೇಳಿ? ಮುಂದಿನ ವಾರ ಸಿಗೋಣ.